ಮೇಜರ್ ಜಸ್ವಂತ್ ಸಿಂಗ್ ಹಾದಿ ಹಿಡಿಯುತ್ತೇನೆ ಅಂತಾನೆ ನನ್ನ ತಮ್ಮ. ಆ ಹಾದಿ ನಿಜಕ್ಕೂ ಹೇಗಿತ್ತು?

ತೀರ್ಥಹಳ್ಳಿ ಅಕ್ಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಸೇನೆಯಲ್ಲಿ ಮೇಜರ್. ಆರ್ಟಿಲರಿಯಲ್ಲಿ ಇದ್ದಾನೆ. ಸೇರಿ ಒಂಬತ್ತು ವರ್ಷ ಆಯಿತು. ಈ ಸಲ ರಜೆಗೆ ಬಂದವನು ಊಟಕ್ಕೆ ಕೂತಾಗ ಇದ್ದಕ್ಕಿದ್ದ ಹಾಗೆ, "ಪೇಪರ್ ಹಾಕ್ತೀನಿ, ರಾಜಕೀಯಕ್ಕೆ ಬರ್ತೀನಿ" ಅಂದುಬಿಟ್ಟ. ಅಪ್ಪ ಮಾತಾಡದೆ ಎದ್ದು ಕೈ ತೊಳೆದುಕೊಂಡರು. ಅಮ್ಮನಿಗೆ ಮಾತ್ರ ಒಳಗೊಳಗೇ ಖುಷಿ. ಮಗ ಇನ್ನು ಊರಲ್ಲೇ ಇರ್ತಾನಲ್ಲ ಅಂತ.

ಏನು ಕೇಳಿದರೂ ಅವನು ಜಸ್ವಂತ್ ಸಿಂಗ್ ಹೆಸರು ಹೇಳುತ್ತಾನೆ. "ಅವರೂ ಮೇಜರ್ ಆಗಿದ್ದಾಗಲೇ ಬಿಟ್ಟರು. ಅವರದ್ದೂ ಒಂಬತ್ತೇ ವರ್ಷದ ಸರ್ವಿಸು. ಆಮೇಲೆ ವಾಜಪೇಯಿ ಸರ್ಕಾರದಲ್ಲಿ ವಿದೇಶಾಂಗ, ರಕ್ಷಣೆ, ಹಣಕಾಸು ಮೂರೂ ಖಾತೆ ನೋಡಿದರು" ಅನ್ನುತ್ತಾನೆ. ನನಗೆ ಅವರ ಬಗ್ಗೆ ಗೊತ್ತಿರೋದು ಕಂದಹಾರ್ ಒಂದೇ. ಸೇನೆ ಅಥವಾ ರಾಜಕೀಯ ಹತ್ತಿರದಿಂದ ನೋಡಿದವರು ಯಾರಾದರೂ ಹೇಳ್ತೀರಾ? ಸೇನೆಯಲ್ಲಿ ಕಲಿತದ್ದು ರಾಜಕೀಯದಲ್ಲಿ ಕೆಲಸಕ್ಕೆ ಬರುತ್ತಾ? ಪಕ್ಷದ ಜಗಳ ಇಲ್ಲಿ ಬೇಡ, ದಯವಿಟ್ಟು.

ಹಾಸನದ ಸುಬೇದಾರ್ (ಉತ್ತರ)

ಅಮ್ಮಾ, ನಾನು ಇಎಂಇಯಲ್ಲಿ ಇದ್ದವನು. ಅಂದರೆ ಟ್ಯಾಂಕು ಓಡಿಸುವವನಲ್ಲ, ಕೆಟ್ಟರೆ ರಿಪೇರಿ ಮಾಡುವವನು. ಟ್ಯಾಂಕ್ ರೆಜಿಮೆಂಟುಗಳ ಜೊತೆಗೇ ಜಾಸ್ತಿ ವರ್ಷ ಕಳೆದೆ. ಜಸ್ವಂತ್ ಸಿಂಗರೂ ಟ್ಯಾಂಕ್ ರೆಜಿಮೆಂಟಿನವರೇ. ಅವರ ಊರಿನ ಮರಳು ನನ್ನ ಹಲ್ಲಿನ ಸಂದಿಯಲ್ಲಿ ತಿಂಗಳುಗಟ್ಟಲೆ ಇತ್ತು. ಅದಕ್ಕೇ ನಾಲ್ಕು ಮಾತು ಬರೆಯುತ್ತೇನೆ. ಉದ್ದ ಆದರೆ ಬೈಕೋಬೇಡಿ.

ಮೊದಲು ನಿಮ್ಮ ತಮ್ಮನ ಲೆಕ್ಕ ನೋಡೋಣ. ಅರ್ಧ ಸರಿ ಇದೆ. ಜಸ್ವಂತ್ ಸಿಂಗ್ ಹುಟ್ಟಿದ್ದು 1938ರ ಜನವರಿ 3ರಂದು, ರಾಜಸ್ಥಾನದ ಬಾರ್ಮೇರ್ ಸೀಮೆಯ ಜಸೋಲ್‌ನಲ್ಲಿ. ಬಾಲೋತ್ರಾ ಪಟ್ಟಣದ ಪಕ್ಕದ ಊರು. ಓದಿದ್ದು ಅಜ್ಮೇರದ ಮೇಯೋ ಕಾಲೇಜು, ಆಮೇಲೆ ಖಡಕ್ವಾಸ್ಲಾದ ಸೇನಾ ಅಧಿಕಾರಿಗಳ ತರಬೇತಿ ಅಕಾಡೆಮಿ, ಎನ್‌ಡಿಎ. 1957ರಲ್ಲಿ ಅಧಿಕಾರಿಯಾಗಿ ಕಮಿಷನ್ ಪಡೆದು ಸೆಂಟ್ರಲ್ ಇಂಡಿಯಾ ಹಾರ್ಸ್ ಸೇರಿದರು. ಹಿಂದೆ ಕುದುರೆ ಪಡೆ, ಆಗ ಟ್ಯಾಂಕ್ ರೆಜಿಮೆಂಟು. 1962 ಮತ್ತು 1965ರ ಯುದ್ಧಗಳ ಹೊತ್ತಿಗೆ ಅವರು ಸೇವೆಯಲ್ಲಿದ್ದರು. 1966ರಲ್ಲಿ ಮೇಜರ್ ಆಗಿದ್ದಾಗ ರಾಜೀನಾಮೆ ಕೊಟ್ಟರು. ಆಗ ವಯಸ್ಸು 28. ಇಲ್ಲಿಯವರೆಗೆ ನಿಮ್ಮ ತಮ್ಮ ಹೇಳಿದ್ದು ಸರಿ.

ಅವನು ಹೇಳದೆ ಬಿಟ್ಟಿದ್ದು ಮುಂದಿನದ್ದು. ಸೇನೆ ಬಿಟ್ಟದ್ದು 1966. ರಾಜ್ಯಸಭೆಗೆ ಹೋದದ್ದು 1980. ನಡುವೆ 14 ವರ್ಷ. ಜನರ ಓಟು ಪಡೆದು ಲೋಕಸಭೆಗೆ ಗೆದ್ದದ್ದು 1989ರಲ್ಲಿ, ಜೋಧ್‌ಪುರದಿಂದ. ಅಶೋಕ್ ಗೆಹ್ಲೋಟ್ ಅವರನ್ನು ಸೋಲಿಸಿ. ಅಂದರೆ ಪೇಪರ್ ಹಾಕಿದ 23 ವರ್ಷಕ್ಕೆ. ಸಂಪುಟ ದರ್ಜೆ ಮಂತ್ರಿ ಆಗಿದ್ದು 1996ರಲ್ಲಿ, ವಾಜಪೇಯಿ ಅವರ 13 ದಿನದ ಸರ್ಕಾರದಲ್ಲಿ. 30 ವರ್ಷ ಆಯ್ತು ಅಲ್ವಾ? ಅಷ್ಟು ವರ್ಷ ಸೇನೆಯಲ್ಲೇ ಇದ್ದಿದ್ದರೆ ಜನರಲ್ ಆಗಿ ನಿವೃತ್ತಿಯೂ ಆಗಿರುತ್ತಿದ್ದರು. ಆ 14 ವರ್ಷದಲ್ಲಿ ಮನೆ ನಡೆಸೋದು ಹೇಗೆ ಅಂತ ತಮ್ಮನನ್ನು ಕೇಳಿ. ಜಸೋಲ್‌ನವರದ್ದು ಠಾಕೂರ್ ಮನೆತನ. ನಮ್ಮಂಥವರ ಮನೆ ಕಥೆ ಬೇರೆ.

ಸೇನೆ ಅವರಿಗೆ ಏನು ಕೊಟ್ಟಿತು ಅಂತ ಕೇಳಿದ್ದೀರಿ. ಪೋಸ್ಟಿಂಗ್ ಬಂದರೆ ಗೊಣಗದೆ ಗಂಟು ಕಟ್ಟೋದು, ನನ್ನ ಪ್ರಕಾರ ಅದು. 1998ರಲ್ಲಿ ನೋಡಿ. ಚಿತ್ತೋಡಗಢದಲ್ಲಿ ಲೋಕಸಭೆ ಚುನಾವಣೆ ಸೋತಿದ್ದರು. ಸರ್ಕಾರ ಅವರ ಪಕ್ಷ ಬಿಜೆಪಿಯದ್ದೇ ಬಂತು, ಆದರೆ ಮಂತ್ರಿಗಿರಿ ಸಿಗಲಿಲ್ಲ. ಯೋಜನಾ ಆಯೋಗದ ಉಪಾಧ್ಯಕ್ಷ ಕುರ್ಚಿ ಸಿಕ್ಕಿತು. ಮೇ ತಿಂಗಳಲ್ಲಿ ಪೋಖ್ರಾನ್ ಅಣು ಪರೀಕ್ಷೆ ಆಯಿತು. ಅಮೆರಿಕ ನಿರ್ಬಂಧ ಹಾಕಿತು. ಮಾತುಕತೆಗೆ ವಾಜಪೇಯಿ ಕಳಿಸಿದ್ದು ಇವರನ್ನೇ. ಆಗ ಇವರು ವಿದೇಶಾಂಗ ಸಚಿವರೂ ಅಲ್ಲ, ಆ ಖಾತೆ ಪ್ರಧಾನಿ ಹತ್ತಿರವೇ ಇತ್ತು. ಅಮೆರಿಕದ ಉಪ ವಿದೇಶಾಂಗ ಸಚಿವ ಸ್ಟ್ರೋಬ್ ಟಾಲ್ಬಟ್ ಜೊತೆ 1998ರಿಂದ 2000ದವರೆಗೆ 14 ಸುತ್ತು ಕೂತರು. ಬೇರೆ ಬೇರೆ ದೇಶಗಳಲ್ಲಿ. 1998ರ ಡಿಸೆಂಬರಿನಲ್ಲೇ ವಿದೇಶಾಂಗ ಖಾತೆ ಕೈಗೆ ಬಂತು. 2000ದ ಮಾರ್ಚಿನಲ್ಲಿ ಕ್ಲಿಂಟನ್ ಭಾರತಕ್ಕೆ ಬಂದರು. ಅಮೆರಿಕದ ಅಧ್ಯಕ್ಷರೊಬ್ಬರು ಇಲ್ಲಿಗೆ ಬಂದು 22 ವರ್ಷ ಆಗಿತ್ತು. ಆ ಬಾಗಿಲು ತೆಗೆದವರಲ್ಲಿ ಇವರು ಮುಖ್ಯರು.

ಇನ್ನು ಕಂದಹಾರ್. 1999ರ ಡಿಸೆಂಬರ್ 24ಕ್ಕೆ ಕಠ್ಮಂಡುವಿನಿಂದ ದೆಹಲಿಗೆ ಬರುತ್ತಿದ್ದ ಐಸಿ-814 ವಿಮಾನವನ್ನು ಅಪಹರಿಸಿದರು. ಅಮೃತಸರ, ಲಾಹೋರ್, ದುಬೈ ಸುತ್ತಿ ಕಂದಹಾರದಲ್ಲಿ ನಿಂತಿತು. 31ಕ್ಕೆ ಮೂವರು ಭಯೋತ್ಪಾದಕರನ್ನು ಬಿಟ್ಟು ಪ್ರಯಾಣಿಕರನ್ನು ಬಿಡಿಸಿದರು. ಆ ಮೂವರು ಹೋದ ವಿಮಾನದಲ್ಲೇ ಜಸ್ವಂತ್ ಸಿಂಗ್ ಕೂಡ ಹೋದರು. ಆ ಸಂಜೆ ನಮ್ಮ ಯೂನಿಟ್ಟಿನಲ್ಲಿ ಬಡಾಖಾನಾ, ಅಂದರೆ ಎಲ್ಲರಿಗೂ ಒಟ್ಟಿಗೆ ಊಟ. ಹೊಸ ವರ್ಷ ಅಂತ. ಅಡುಗೆಮನೆಯಲ್ಲಿ ಮಟನ್ ಬೇಯುತ್ತಿತ್ತು. ಜವಾನರೆಲ್ಲ ಟೀವಿ ಮುಂದೆ. ಯಾರೂ ತಟ್ಟೆ ಹಿಡಿಯಲು ಏಳಲಿಲ್ಲ. ಅರ್ಧ ಜನ ಬೈದರು, ಮಂತ್ರಿಯೇ ಅವರನ್ನು ಕರಕೊಂಡು ಹೋಗೋದಾ ಅಂತ. ನಮ್ಮ ಸುಬೇದಾರ್ ಮೇಜರ್ ಸಾಹೇಬರು ಮಾತ್ರ, "ಕೆಟ್ಟ ಕೆಲಸಕ್ಕೆ ಕೆಳದರ್ಜೆಯ ನಾಯಕ್‌ನನ್ನು ಕಳಿಸಿ ತಾನು ಟೆಂಟಿನಲ್ಲಿ ಕೂರೋ ಆಫೀಸರನ್ನೂ ನೋಡಿದ್ದೀನಿ" ಅಂದು ಸುಮ್ಮನಾದರು.

ಜಸ್ವಂತ್ ಸಿಂಗ್ ಆಮೇಲೆ ಹೇಳಿದ್ದೂ ಅದೇ ಧಾಟಿಯಲ್ಲಿ. ಕೊನೇ ಗಳಿಗೆಯಲ್ಲಿ ಏನಾದರೂ ಎಡವಟ್ಟಾದರೆ ಅಲ್ಲೇ ತೀರ್ಮಾನ ತಗೊಳ್ಳೋರು ಒಬ್ಬರು ಬೇಕಿತ್ತು ಅಂತ. ಬಿಡುವ ತೀರ್ಮಾನ ಇಡೀ ಸಂಪುಟದ್ದು. ಹೆಸರು ಕೆಟ್ಟದ್ದು ಒಬ್ಬರದ್ದು.

ನಾನು ಇದನ್ನು ಸುಮ್ನೆ ಹೊಗಳಿಕೆಗೆ ಹೇಳ್ತಿಲ್ಲ. ಬಿಟ್ಟ ಮೂವರಲ್ಲಿ ಮಸೂದ್ ಅಜರ್ ಒಬ್ಬ. ಅವನು ಜೈಷ್-ಎ-ಮೊಹಮ್ಮದ್ ಕಟ್ಟಿದ. 2001ರ ಡಿಸೆಂಬರ್ 13ಕ್ಕೆ ಸಂಸತ್ತಿನ ಮೇಲೆ ದಾಳಿ ಆಯಿತು. ಅದರ ಹಿಂದೆಯೇ ಆಪರೇಷನ್ ಪರಾಕ್ರಮ್. ನಮ್ಮನ್ನೆಲ್ಲ ರೈಲಿಗೆ ಹತ್ತಿಸಿ ಬಾರ್ಮೇರ್ ಕಡೆ ಸಾಗಿಸಿದರು. 2002ರ ಅಕ್ಟೋಬರ್‌ವರೆಗೆ ಸೇನೆ ಗಡಿಯಲ್ಲೇ. ಬೇಸಿಗೆಯಲ್ಲಿ ಟ್ಯಾಂಕಿನ ಕಬ್ಬಿಣ ಮುಟ್ಟಿದರೆ ಕೈ ಸುಡುತ್ತಿತ್ತು. ಬೆಳಗಿನ ಜಾವವೇ ಎದ್ದು ಟಿ-72 ಟ್ಯಾಂಕಿನ ಏರ್ ಕ್ಲೀನರ್ ಬಿಚ್ಚಿ ಮರಳು ಒದರೋದು, ಮತ್ತೆ ಜೋಡಿಸೋದು. ಮಧ್ಯಾಹ್ನ ಬಿರುಗಾಳಿ ಬಂದರೆ ಸಂಜೆ ಮತ್ತೆ ಅದೇ. ನೆಲದಲ್ಲಿ ಮೈನ್ ಬಾಂಬ್ ಹೂಳುವಾಗ ಜೀವ ಕಳಕೊಂಡ ಹುಡುಗರೂ ಇದ್ದರು. ಯುದ್ಧ ಆಗಲಿಲ್ಲ. ಹಾಗಾಗಿ ಕಂದಹಾರದ ಬೆಲೆ ನನಗೆ ಗೊತ್ತು. ತೀರ್ಮಾನದ ಬಗ್ಗೆ ನನಗಿನ್ನೂ ಸಿಟ್ಟಿದೆ. ಅವರು ಖುದ್ದು ಹೋದದ್ದರ ಬಗ್ಗೆ ಇಲ್ಲ.

ಹಣಕಾಸು ಸಚಿವರಾಗಿದ್ದು 2002ರ ಜುಲೈನಿಂದ 2004ರ ಮೇವರೆಗೆ. ಯಶವಂತ್ ಸಿನ್ಹಾ ಮತ್ತು ಇವರು ಖಾತೆ ಅದಲು ಬದಲು ಮಾಡಿಕೊಂಡರು. ನಮಗೆ ನೆನಪಿರೋದು ಒಂದೇ. 2003ರ ಬಜೆಟ್ಟಿನಲ್ಲಿ ಹೊಸ ಪಿಂಚಣಿ ಪದ್ಧತಿ ಪ್ರಕಟಿಸಿದರು. 2004ರ ಜನವರಿ 1ರಿಂದ ಕೇಂದ್ರ ಸರ್ಕಾರದ ನೌಕರಿಗೆ ಸೇರಿದವರಿಗೆ ಹಳೇ ಪಿಂಚಣಿ ಇಲ್ಲ ಅಂತಾಯಿತು. ಸೇನೆಯನ್ನು ಮಾತ್ರ ಅದರಿಂದ ಹೊರಗಿಟ್ಟರು. ನನಗೆ ತಿಂಗಳು ತಿಂಗಳು ಹಳೇ ಲೆಕ್ಕದಲ್ಲೇ ಬರುತ್ತೆ. ನನ್ನ ಅಣ್ಣನ ಮಗ 2006ರಲ್ಲಿ ಕೇಂದ್ರದ ಕಚೇರಿಯೊಂದಕ್ಕೆ ಸೇರಿದ. ಹಬ್ಬಕ್ಕೆ ಬಂದಾಗೆಲ್ಲ ಜಸ್ವಂತ್ ಸಿಂಗರನ್ನು ಬೈಯುತ್ತಾನೆ. ನಾನು ಬಾಯಿ ಮುಚ್ಚಿಕೊಂಡು ಹೋಳಿಗೆ ತಿನ್ನುತ್ತೇನೆ.

ಈಗ ನಿಮ್ಮ ತಮ್ಮ ಗಮನ ಇಟ್ಟು ಓದಬೇಕಾದ ಭಾಗ. ಜಸ್ವಂತ್ ಸಿಂಗರಿಗೆ ಒಂದು ಸ್ವಂತ ಕ್ಷೇತ್ರ ಅಂತ ಇರಲಿಲ್ಲ. ನಾಲ್ಕು ಸಲ ಲೋಕಸಭೆ ಗೆದ್ದರು. ಒಮ್ಮೆ ಜೋಧ್‌ಪುರ, ಎರಡು ಸಲ ಚಿತ್ತೋಡಗಢ, ಇನ್ನೊಮ್ಮೆ 2009ರಲ್ಲಿ ಎಲ್ಲೋ ಪೂರ್ವದ ಡಾರ್ಜಿಲಿಂಗ್. ಅಲ್ಲಿನ ಪಕ್ಷ ಗೂರ್ಖಾ ಜನಮುಕ್ತಿ ಮೋರ್ಚಾ ಬೆಂಬಲ ಕೊಟ್ಟಿತ್ತು. ಉಳಿದಂತೆ ಐದು ಸಲ ರಾಜ್ಯಸಭೆ. ಸೈನಿಕರಿಗೆ ಇದು ಸಹಜ. ಎರಡು ಮೂರು ವರ್ಷಕ್ಕೊಮ್ಮೆ ಸ್ಟೇಷನ್ ಬದಲು. ಟ್ರಂಕು ಅಟ್ಟಕ್ಕೆ ಹೋಗೋದೇ ಇಲ್ಲ. ಆದರೆ ಸೇನೆಯಲ್ಲಿ ಎಲ್ಲಿಗೆ ಹೋದರೂ ಹೊಸ ಯೂನಿಟ್ಟು ನಿಮ್ಮನ್ನು ತನ್ನವನು ಅನ್ನುತ್ತೆ. ರಾಜಕೀಯದಲ್ಲಿ ಹಾಗಿಲ್ಲ.

2014ರಲ್ಲಿ ಕೊನೇ ಚುನಾವಣೆ ನನ್ನ ಊರಿನಿಂದ ಅಂದರು. ಬಾರ್ಮೇರ್ ಟಿಕೆಟ್ ಕೇಳಿದರು. ಪಕ್ಷ ಕೊಡಲಿಲ್ಲ. ಕಾಂಗ್ರೆಸ್‌ನಿಂದ ಆಗಷ್ಟೇ ಬಂದಿದ್ದ ಸೋನಾರಾಮ್ ಚೌಧರಿಗೆ ಕೊಟ್ಟಿತು. ಸೋನಾರಾಮ್ ಯಾರು? ಅವರೂ ಸೇನೆಯವರು, ಕರ್ನಲ್! 1999ರಲ್ಲಿ ಇದೇ ಕ್ಷೇತ್ರದಲ್ಲಿ ಜಸ್ವಂತ್ ಸಿಂಗರ ಮಗ ಮಾನವೇಂದ್ರರನ್ನು ಸೋಲಿಸಿದ್ದರು. 2004ರಲ್ಲಿ ಮಾನವೇಂದ್ರ ಅವರನ್ನು ಸೋಲಿಸಿದರು. 2014ರಲ್ಲಿ ಅಪ್ಪನೇ ಪಕ್ಷೇತರ ಆಗಿ ನಿಂತು ಕರ್ನಲ್ ಎದುರು ಸೋತರು. 80 ಸಾವಿರಕ್ಕೂ ಹೆಚ್ಚು ಓಟಿನಿಂದ. ಅಲ್ಲಿ ರಜಪೂತ, ಜಾಟ್ ಲೆಕ್ಕವೇ ನಡೆಯೋದು. ಮೇಜರ್, ಕರ್ನಲ್ ಅಂತ ಓಟು ಬೀಳೋದಿಲ್ಲ.

ಆ ಸೀಮೆಯಲ್ಲಿ ಮನೆಗಳು ದೂರ ದೂರ. ಒಂದು ಧಾಣಿಯಿಂದ, ಅಂದರೆ ಪುಟ್ಟ ಹಟ್ಟಿಯಿಂದ, ಇನ್ನೊಂದಕ್ಕೆ ಮರಳಲ್ಲಿ ನಡೆಯಬೇಕು. ಒಂದು ಸಲ ನೀರು ಕೇಳಲು ಒಂದು ಧಾಣಿಗೆ ಹೋಗಿದ್ದೆವು. ಖೇಜ್ಡಿ ಮರದ ಕೆಳಗೆ ಕೂತಿದ್ದ ಅಜ್ಜ ಮಡಕೆ ನೀರು ಕೊಟ್ಟು, ಜಸ್ವಂತ್ ಸಿಂಗ್ ಹೆಸರು ಎತ್ತಿದಾಗ, "ದೊಡ್ಡ ಮನುಷ್ಯ, ದಿಲ್ಲಿಯವರು" ಅಂದ. ಅದು 2002. ಅಜ್ಜನ ಲೆಕ್ಕದಲ್ಲಿ ಅವರು ಆಗಲೇ ದಿಲ್ಲಿಯವರು.

ಮಂಗಳೂರು ಮಾಷ್ಟ್ರು (ಉತ್ತರ)

ಸುಬೇದಾರರೇ, ಚೆನ್ನಾಗಿ ಬರೆದಿದ್ದೀರಿ. ಒಂದೆರಡು ಸೇರಿಸುತ್ತೇನೆ, ಒಂದಕ್ಕೆ ತಕರಾರೂ ಇದೆ.

ನಮ್ಮೂರಿನ ಕೊಂಡಿ ಒಂದು ಬಿಟ್ಟಿರಿ. 2001ರ ಮಾರ್ಚಿನಲ್ಲಿ ತೆಹಲ್ಕಾ ಸುದ್ದಿತಾಣ ರಹಸ್ಯ ಕ್ಯಾಮೆರಾದಲ್ಲಿ ಬಯಲು ಮಾಡಿದ ಲಂಚದ ಪ್ರಕರಣದಿಂದ ರಕ್ಷಣಾ ಸಚಿವರ ರಾಜೀನಾಮೆ ಆಯಿತಲ್ಲ. ರಾಜೀನಾಮೆ ಕೊಟ್ಟವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಖಾತೆ ಜಸ್ವಂತ್ ಸಿಂಗರಿಗೆ ಹೆಚ್ಚುವರಿಯಾಗಿ ಬಂತು. ಆ ಅಕ್ಟೋಬರಿನಲ್ಲಿ ಜಾರ್ಜ್ ವಾಪಸ್ಸು ಬಂದರು. ಹಾಗಾಗಿ ರಕ್ಷಣಾ ಖಾತೆ ಇವರ ಕೈಲಿದ್ದದ್ದು ಕೆಲವೇ ತಿಂಗಳು, ಅದೂ ವಿದೇಶಾಂಗದ ಜೊತೆಗೆ. "ಮೂರೂ ಖಾತೆ" ಅನ್ನುವಾಗ ಇದನ್ನೂ ನೆನಪಿಡಬೇಕು. ಯೂನಿಯನ್ ಕಟ್ಟಿ ಬೀದಿಯಿಂದ ಬಂದ ಜಾರ್ಜ್, ಸೇನೆಯ ಮೆಸ್ಸಿನಿಂದ ಬಂದ ಜಸ್ವಂತ್. ಸಿಯಾಚಿನ್‌ಗೆ ಮತ್ತೆ ಮತ್ತೆ ಹೋಗಿ ಜವಾನರ ಮನಸ್ಸು ಗೆದ್ದದ್ದು ಜಾರ್ಜ್. ತಮಾಷೆ ಅಲ್ವಾ?

ತಕರಾರು ಇದು. ಪೋಸ್ಟಿಂಗ್ ಬಂದ ಕಡೆ ಗೊಣಗದೆ ಹೋಗುವ ಮನುಷ್ಯ ಅಂದಿರಿ. ಪೂರ್ತಿ ಒಪ್ಪಲ್ಲ. ಈ ಮನುಷ್ಯ ತನಗೆ ಸರಿ ಕಂಡದ್ದನ್ನು ಬರೆಯದೆ ಬಿಟ್ಟವರಲ್ಲ. 2009ರಲ್ಲಿ ಜಿನ್ನಾ ಬಗ್ಗೆ ದಪ್ಪ ಪುಸ್ತಕ ಬರೆದರು. ದೇಶ ವಿಭಜನೆಗೆ ಜಿನ್ನಾ ಒಬ್ಬರನ್ನೇ ಹೊಣೆ ಮಾಡೋದು ಸರಿಯಲ್ಲ, ನೆಹರು, ಪಟೇಲರ ಪಾಲೂ ಇದೆ ಅಂದರು. ಆಗಸ್ಟ್‌ನಲ್ಲಿ ಶಿಮ್ಲಾದಲ್ಲಿ ಪಕ್ಷದ ಚಿಂತನ ಬೈಠಕ್. ಇವರೂ ಶಿಮ್ಲಾಕ್ಕೆ ಹೋಗಿದ್ದರು. ಉಚ್ಚಾಟನೆಯ ಸುದ್ದಿ ಫೋನಿನಲ್ಲಿ ಬಂತು. 30 ವರ್ಷ ಜೊತೆಗಿದ್ದವರಿಗೆ ಒಂದು ಫೋನು! ಗುಜರಾತ್ ಸರ್ಕಾರ ಪುಸ್ತಕ ನಿಷೇಧಿಸಿತು, ಹೈಕೋರ್ಟ್ ಆ ನಿಷೇಧ ರದ್ದು ಮಾಡಿತು. 2010ರಲ್ಲಿ ಪಕ್ಷ ಮತ್ತೆ ಸೇರಿಸಿಕೊಂಡಿತು. 2012ರಲ್ಲಿ ಉಪರಾಷ್ಟ್ರಪತಿ ಚುನಾವಣೆಗೆ ನಿಲ್ಲಿಸಿತು. ಹಮೀದ್ ಅನ್ಸಾರಿಗೆ 490 ಓಟು, ಇವರಿಗೆ 238. ಸೋಲು ಗೊತ್ತಿದ್ದೇ ನಿಂತದ್ದು.

ಇದು ಸೈನಿಕನ ಶಿಸ್ತಾ? ನನಗೆ ಕಾಣೋದು ಮೇಯೋ ಕಾಲೇಜಿನ, ಠಾಕೂರ್ ಮನೆಯ ಬಿಗುಮಾನ. ಸೇನೆ ಅದಕ್ಕೆ ಇಸ್ತ್ರಿ ಹಾಕಿತು, ಅಷ್ಟೇ.

ಮಡಿಕೇರಿ ಮಂಜು (ಉತ್ತರ)

ನಮ್ಮ ಕಡೆಯದ್ದೂ ಒಂದು ಇರಲಿ. ಕಾರ್ಯಪ್ಪನವರು. 1949ರ ಜನವರಿ 15ಕ್ಕೆ ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕ ಆದವರು. ಈಗಲೂ ಅದೇ ದಿನ ಸೇನಾ ದಿನ. ಅಷ್ಟು ದೊಡ್ಡ ಹೆಸರು. 1971ರಲ್ಲಿ ಮುಂಬೈಯಿಂದ ಲೋಕಸಭೆಗೆ ನಿಂತರು, ಸೋತರು. ಜನ ಸಲ್ಯೂಟ್ ಹೊಡೀತಾರೆ, ಓಟು ಬೇರೆಯವರಿಗೆ ಹಾಕ್ತಾರೆ. ನಮ್ಮ ತಾತ ಇದನ್ನು ಹೇಳಿ ಹೇಳಿ ನಗುತ್ತಿದ್ದರು. ಅವರೂ ಮಾಜಿ ಸೈನಿಕರೇ, ಪಂಚಾಯ್ತಿಗೂ ನಿಂತವರಲ್ಲ.

ಗೆದ್ದವರೂ ಇದ್ದಾರೆ ಅನ್ನಿ. ಮೇಜರ್ ಜನರಲ್ ಖಂಡೂರಿ ಪೂರ್ತಿ ಸರ್ವಿಸ್ ಮುಗಿಸಿ ಬಂದರು. ವಾಜಪೇಯಿ ಕಾಲದಲ್ಲಿ ಹೆದ್ದಾರಿ ಖಾತೆ ನೋಡಿಕೊಂಡರು, ಆಮೇಲೆ ಉತ್ತರಾಖಂಡದ ಮುಖ್ಯಮಂತ್ರಿ. ಎಂಜಿನಿಯರ್ಸ್ ಕೋರಿನವರಿಗೆ ರಸ್ತೆ ಕೆಲಸ, ಒಳ್ಳೇ ಜೋಡಿ. ಕ್ಯಾಪ್ಟನ್ ಅಮರಿಂದರ್ ಸಿಂಗ್ ಬೇಗ ಬಿಟ್ಟು ಬಂದವರು, ಆದರೆ ಪಟಿಯಾಲಾ ಅರಮನೆ ಬೆನ್ನಿಗಿತ್ತು.

ತೀರ್ಥಹಳ್ಳಿ ಅಕ್ಕ

ಎಲ್ಲರಿಗೂ ಥ್ಯಾಂಕ್ಸ್. ತಮ್ಮನಿಗೆ ಲಿಂಕ್ ಕಳಿಸಿದೆ. ಓದಿದ. "23 ವರ್ಷ" ಅನ್ನೋ ಕಡೆ ಮುಖ ಸಪ್ಪಗಾಯಿತು. ಆಮೇಲೆ, "ಅದು ಆಗಿನ ಕಾಲ, ಈಗ ಸೋಷಿಯಲ್ ಮೀಡಿಯಾ ಇದೆ" ಅಂದ. ಸುಬೇದಾರ್ ಸಾರ್, ಇನ್ನೆರಡು ಕೇಳಲಾ? ರಾಜೀನಾಮೆ ಕೊಡುವ ಮೊದಲೇ ಪಕ್ಷದವರ ಜೊತೆ ಓಡಾಡಬಹುದಾ? ಈಗ ಬಿಟ್ಟರೆ ಪಿಂಚಣಿ ಬರುತ್ತಾ? ಇವನು ಎರಡಕ್ಕೂ "ನೋಡೋಣ" ಅಂತಾನೆ.

ಹಾಸನದ ಸುಬೇದಾರ್

ಮೊದಲು ಮಾಷ್ಟ್ರಿಗೆ. ಬಿಗುಮಾನ ಅಂದಿರಲ್ಲ, ಇರಬಹುದು. ಹೆಗಲ ಮೇಲೆ ಪಟ್ಟಿ ಇರೋ ಅಂಗಿಯನ್ನು ಸಂಸತ್ತಿಗೂ ಹಾಕಿಕೊಂಡು ಹೋಗುತ್ತಿದ್ದವರು ಅವರು. ಸೇನೆ ಬಿಟ್ಟು ದಶಕಗಳಾದರೂ ಅಂಗಿ ಬಿಡಲಿಲ್ಲ. ಆದರೆ ಸೋಲು ಗೊತ್ತಿದ್ದೂ ಉಪರಾಷ್ಟ್ರಪತಿ ಚುನಾವಣೆಗೆ ನಿಂತರು ಅಂತ ನೀವೇ ಬರೆದಿದ್ದೀರಿ. ಉಚ್ಚಾಟನೆ ಮಾಡಿದ ಪಕ್ಷಕ್ಕಾಗಿ! ಅದಕ್ಕೆ ನಾನು ಡ್ಯೂಟಿ ಅಂತೀನಿ, ನೀವು ಬೇಕಾದ್ದು ಅನ್ನಿ.

ಈಗ ನಿಮ್ಮ ಪ್ರಶ್ನೆ ಅಮ್ಮಾ. ಓಡಾಡುವ ಹಾಗೇ ಇಲ್ಲ. ಸೇವೆಯಲ್ಲಿ ಇರುವವರೆಗೆ ಪಕ್ಷದ ಸದಸ್ಯತ್ವ, ಸಭೆ, ಪ್ರಚಾರ ಯಾವುದೂ ಕೂಡದು. ಅವನು ಹೇಳೋ ಸೋಷಿಯಲ್ ಮೀಡಿಯಾದಲ್ಲಿ ಒಂದು ಪಕ್ಷದ ಪರ ಬರೆದರೂ ಕಮಾಂಡಿಂಗ್ ಆಫೀಸರ್ ಮುಂದೆ ನಿಲ್ಲಬೇಕಾಗುತ್ತೆ. ರಾಜೀನಾಮೆ ಕೊಟ್ಟ ದಿನವೇ ಬಿಡುಗಡೆ ಅಂತಲೂ ಅಲ್ಲ. ಮೇಲಿನಿಂದ ಒಪ್ಪಿಗೆ ಬರಬೇಕು, ಬರೋವರೆಗೂ ಯೂನಿಫಾರ್ಮ್ ಯೂನಿಫಾರ್ಮೇ.

ಪಿಂಚಣಿ ವಿಷಯ. ಆಫೀಸರಿಗೆ ಮಾಮೂಲಿ ಪಿಂಚಣಿ ಸಿಗಬೇಕಾದರೆ 20 ವರ್ಷ ತುಂಬಬೇಕು. ನಮ್ಮಂಥ ಜವಾನರಿಗೆ 15. ಒಂಬತ್ತು ವರ್ಷಕ್ಕೆ ತಾನಾಗಿ ಬಿಟ್ಟರೆ ತಿಂಗಳ ಪಿಂಚಣಿ ಇಲ್ಲ. ಈಗ ಅಪ್ಪ ಯಾಕೆ ಊಟ ಬಿಟ್ಟು ಎದ್ದರು ಅಂತ ಗೊತ್ತಾಯ್ತಲ್ಲ?

ಜಸ್ವಂತ್ ಸಿಂಗರ ಕೊನೆಯನ್ನೂ ಹೇಳಿಬಿಡ್ತೀನಿ, ತಮ್ಮನಿಗೆ ಪೂರ್ತಿ ಕಥೆ ಗೊತ್ತಿರಲಿ. 2014ರ ಮೇನಲ್ಲಿ ಸೋತರು. ಪಕ್ಷ ಎರಡನೇ ಸಲ ಹೊರಗೆ ಹಾಕಿತ್ತು. ಆಗಸ್ಟಿನಲ್ಲಿ ಮನೆಯಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಕೋಮಾಕ್ಕೆ ಹೋದರು. 2020ರ ಸೆಪ್ಟೆಂಬರ್ 27ಕ್ಕೆ ತೀರಿಕೊಂಡರು. ಆಗ ಇದ್ದದ್ದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ.

ಬರಬೇಡ ಅಂತ ಹೇಳಬೇಡಿ. ಹೇಳಿದರೆ ಹಟ ಜಾಸ್ತಿ ಆಗುತ್ತೆ, ಮೇಜರುಗಳನ್ನು ನಾನೂ ನೋಡಿದ್ದೀನಿ. ಒಂದೇ ಮಾತು ಕೇಳಿ. ಬಿಟ್ಟು ಬಂದ ಮೇಲೆ ಯಾವ ತಾಲ್ಲೂಕಿನಲ್ಲಿ ಮನೆ ಮಾಡ್ತೀಯ, ಅಲ್ಲಿ ಯಾರ ಮನೆ ಸಾವಿಗೆ, ಮದುವೆಗೆ ಇದುವರೆಗೆ ಹೋಗಿದ್ದೀಯ? ಉತ್ತರ ಬರಲಿ, ಆಮೇಲೆ ಜಸ್ವಂತ್ ಸಿಂಗ್ ಮಾತು.

ತೀರ್ಥಹಳ್ಳಿ ಅಕ್ಕ

ಕೇಳಿದೆ ಸಾರ್. ಸಾಗರ ಅಂದ. ಅಲ್ಲಿ ನಮಗೆ ನೆಂಟರೂ ಇಲ್ಲ. ಯಾಕೋ ಅಂದರೆ, ಅಲ್ಲಿ ಅವನ ಕೋರ್ಸ್‌ಮೇಟ್ ಒಬ್ಬನ ಹೋಂಸ್ಟೇ ಇದೆಯಂತೆ. ಅಪ್ಪ ಈಗ ಸ್ವಲ್ಪ ನಗ್ತಾ ಇದ್ದಾರೆ.